ಹದಿನೇಳನೇ ಮನೆಯ ಹುಣಸೆ ಬೀಜ

ಏಳು ಕೆರೆಗಳ ನೀರು ಒಂದೇ ಹೊಳೆಗೆ ಇಳಿಯುತ್ತಿದ್ದ ಸೀಮೆಯಲ್ಲಿ ಒಬ್ಬ ರಾಜನಿದ್ದನಂತೆ. ಹೊತ್ತು ಮುಳುಗುವಾಗ ಅವನ ಕಿವಿಗೆ ಯಾರೋ ಅಳುವ ಸದ್ದು ಬೀಳುತ್ತಿತ್ತಂತೆ. ಯಾವ ಮನೆಯಿಂದ ಎಂದು ಮಾತ್ರ ತಿಳಿಯುತ್ತಿರಲಿಲ್ಲವಂತೆ.

ರಾಜ ಪ್ರತಿ ಹೊಸ್ತಿಲಲ್ಲೂ ಒಂದು ಮಡಕೆ ಇಡಿಸಿದ. ‘ನಿಮ್ಮ ಮನೆಯೊಳಗೆ ಮುಚ್ಚಿಟ್ಟ ಒಂದೊಂದು ದುಃಖಕ್ಕೂ ಒಂದೊಂದು ಕಲ್ಲು ಹಾಕಿ’ ಎಂದು ಡಂಗುರ ಸಾರಿಸಿದ.

ಮಾರನೆಯ ದಿನ ನೋಡಿದರೆ ಅಷ್ಟೂ ಮಡಕೆ ಖಾಲಿ. ಮಂತ್ರಿಗಳೆಲ್ಲ ಸಂತೋಷಪಟ್ಟರಂತೆ. ಆದರೆ ಹೊತ್ತು ಮುಳುಗುವಾಗ ಅಳುವ ಸದ್ದು ಮತ್ತೆ ಕೇಳಿಸಿತಂತೆ...

ಅಜ್ಜಿ ದೊಡ್ಡತಾಯಮ್ಮ ಈ ಕಥೆಯನ್ನು ಅಲ್ಲಿಗೇ ನಿಲ್ಲಿಸುತ್ತಿದ್ದಳು. ಒಂದೇ ಕಂಬಳಿಯೊಳಗೆ ಮಲಗಿದ್ದ ಇಬ್ಬರು ಮೊಮ್ಮಕ್ಕಳು, ಪಾರ್ವತಿ ಮತ್ತು ಹೇಮಶ್ರೀ, “ಆಮೇಲೆ ಏನಾಯ್ತಜ್ಜಿ?” ಎಂದು ಪೀಡಿಸುತ್ತಿದ್ದರು.

“ಆಮೇಲಿಂದು ಆಮೇಲೆ. ಈಗ ಮನಿಕ್ಕಳಿ,” ಎನ್ನುತ್ತಿದ್ದಳು ಅಜ್ಜಿ.

ಆ ‘ಆಮೇಲೆ’ ಬರುವ ಮೊದಲೇ ಪಾರ್ವತಿ ನಾಗಮಂಗಲದ ಆಚೆಯ ಊರೊಂದಕ್ಕೆ, ಗಂಡನ ಮನೆಗೆ ಹೋದಳು. ಎರಡೇ ವರ್ಷಕ್ಕೆ ಆ ಊರಿನ ಬಾವಿಯಲ್ಲಿ ಹೆಣವಾದಳು. ಅಂದಿನಿಂದ ಅಜ್ಜಿ ಯಾವ ಕಥೆಯನ್ನೂ ಹೇಳಲಿಲ್ಲ.

ಅದಾಗಿ ಐದು ವರ್ಷ. ಸಾವಿರದ ಒಂಬೈನೂರ ತೊಂಬತ್ತೇಳರ ಆಷಾಢದ ಒಂದು ಬೆಳಿಗ್ಗೆ, ಶ್ರೀರಂಗಪಟ್ಟಣದ ಬಸ್ ನಿಲ್ದಾಣದ ಹತ್ತಿರದ ಮಹಡಿಯ ಕೋಣೆಯೊಂದರಲ್ಲಿ ಹೇಮಶ್ರೀ ಒಂದು ಹುಣಸೆ ಬೀಜವನ್ನು ಅಂಗೈಯಲ್ಲಿ ಹಿಡಿದು ಕುಳಿತಿದ್ದಳು. ಬೀಜದ ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಬಿಳಿ ಮಾಡಿತ್ತು. ಇನ್ನೊಂದು ಮಗ್ಗುಲು ಕಪ್ಪಗೇ ಇತ್ತು.

“ಚೌಕಾಬಾರ ಆಡಿಸ್ತೀರಾ ಸರ್?” ಎಂದು ಕೇಳಿದಳು.

ಎದುರಿಗಿದ್ದ ಯುವಕ ನಗಲಿಲ್ಲ. ಅವನ ಹೆಸರು ಶಂಕರ್. ಊರು ಕೆ.ಆರ್. ಪೇಟೆಯ ಹೊಸಹೊಳಲು. ಮೈಸೂರಿನಲ್ಲಿ ಸಂಶೋಧನೆ ಮಾಡುತ್ತಿದ್ದ. ನಾಲ್ಕು ತಾಲ್ಲೂಕಿನ ಹನ್ನೆರಡು ಊರುಗಳಲ್ಲಿ ಚೀಟಿ ಎತ್ತಿ ಆರಿಸಿದ ಇನ್ನೂರ ನಲವತ್ತು ಮನೆಗಳಿಗೆ ಹೋಗಿ ಪ್ರಶ್ನೆ ಕೇಳಲು ಅವನಿಗೆ ಜನ ಬೇಕಾಗಿತ್ತು. ಪಾಂಡವಪುರದಲ್ಲಿ ಬಿ.ಎ. ಮುಗಿಸಿ ಮನೆಯಲ್ಲಿದ್ದ ಹೇಮಶ್ರೀ ಕಾಲೇಜಿನ ಗೋಡೆಯ ಮೇಲಿನ ಚೀಟಿ ನೋಡಿ ಬಂದಿದ್ದಳು.

“ಪೊಲೀಸರ ಪುಸ್ತಕದಲ್ಲಿ ದೂರು ಕೊಟ್ಟವರ ಲೆಕ್ಕ ಮಾತ್ರ ಇರುತ್ತೆ. ಕೊಡದೆ ಬಾಯಿ ಮುಚ್ಚಿಕೊಂಡವರ ಲೆಕ್ಕ ಯಾರ ಹತ್ರಾನೂ ಇಲ್ಲ. ಅದನ್ನ ಕೇಳೋಕೆ ಈ ಬೀಜ,” ಎಂದ ಶಂಕರ್. “ಮರೆಯಲ್ಲಿ ಎಸೆದು ನೋಡಿ. ನನಗೆ ತೋರಿಸಬಾರದು. ಬಿಳಿ ಬಿದ್ರೆ, ನಿಜ ಏನೇ ಇರಲಿ, ಹೌದು ಅನ್ನಿ. ಕಪ್ಪು ಬಿದ್ರೆ ನಿಜ ಹೇಳಿ. ನೀವು ಹೌದು ಅಂದ್ರೆ ಅದು ಬೀಜ ಹೇಳಿಸಿದ್ದೋ ನಿಮ್ಮ ಮನಸ್ಸು ಹೇಳಿಸಿದ್ದೋ, ಯಾರಿಗೂ ಗೊತ್ತಾಗಲ್ಲ.”

“ಹಂಗಾದ್ರೆ ನಿಮಗೇನು ಪ್ರಯೋಜನ?”

“ಒಂದು ಮನೆಯಿಂದ ಏನೂ ಇಲ್ಲ. ನೂರು ಮನೆ ಕೇಳಿದ್ರೆ, ಹತ್ತಿರ ಹತ್ತಿರ ಐವತ್ತು ಮನೆ ಬೀಜದ ಮಾತಿಗೇ ಹೌದು ಅಂತಾವೆ. ಎಪ್ಪತ್ತು ಹೌದು ಬಂತು ಅಂದ್ಕೊಳಿ. ಹೆಚ್ಚಿಗೆ ಬಂದ ಇಪ್ಪತ್ತು ನಿಜ ಹೇಳಬೇಕಾದ ಐವತ್ತರಿಂದ ಬಂದಿದ್ದು. ಯಾರು ಅಂತ ಗೊತ್ತಾಗಲ್ಲ. ಎಷ್ಟು ಅಂತ ಗೊತ್ತಾಗುತ್ತೆ.”

ಅವನು ಹಾಳೆ ಎತ್ತಿಕೊಂಡು ಹೇಳಿದ, “ಈ ಬೀಜಗಳನ್ನ ಒಂದೊಂದನ್ನೂ ಇನ್ನೂರು ಸಲ ಎಸೆದು ನೋಡಿದ್ದೀನಿ. ಮೋಸ ಇಲ್ಲ. ಈಗ ನಿಮ್ಮನ್ನೇ ಕೇಳ್ತೀನಿ, ಅಭ್ಯಾಸಕ್ಕೆ.”

ಹಾಳೆ ನೋಡಿ ಓದಿದ.

“ನಿಮ್ಮ ಮನೆಯ ಹೆಣ್ಣುಮಗಳಿಗೆ ಗಂಡನ ಮನೆಯಲ್ಲಿ ಆದ ಹಿಂಸೆಯನ್ನು ನೀವು ಮುಚ್ಚಿಟ್ಟಿದ್ದೀರಾ?”

ಕಿಟಕಿಯ ಹೊರಗೆ ನಾಗಮಂಗಲದ ಬಸ್ಸಿನ ಕಂಡಕ್ಟರ್ ಕೂಗುತ್ತಿದ್ದ. ಅವಳು ದುಪಟ್ಟಾದ ಮರೆಯಲ್ಲಿ ಬೀಜ ಎಸೆದಳು.

ಕಪ್ಪು.

‘ನಿಜ ಹೇಳಬೇಕು... ಯಾರಿಗೆ? ಈ ಮನುಷ್ಯನಿಗಾ?’

“ಇಲ್ಲ,” ಎಂದಳು.

ಅವನು ತಲೆ ಎತ್ತಿ ಅವಳನ್ನು ನೋಡಿದ. ಸಂಶಯದ ನೋಟವಲ್ಲ. ಜ್ವರ ಬಂದವರನ್ನು ನೋಡುವ ಹಾಗಿತ್ತು. ಅವಳಿಗೆ ಅದೇ ಸಹಿಸಲಾಗಲಿಲ್ಲ.

“ನನಗೆ ಈ ಕೆಲಸ ಕೊಡಿ ಸರ್. ಇನ್ನೂರ ನಲವತ್ತು ಮನೆ, ಒಂದೂ ಬಿಡದೆ ಮುಗಿಸ್ತೀನಿ,” ಎಂದಳು.

ಯಾಕೆ ಹಾಗೆ ಮಾತು ಕೊಟ್ಟೆನೆಂದು ಬಸ್ಸಿನಲ್ಲಿ ಊರಿಗೆ ಹೋಗುವಾಗ ಅವಳಿಗೇ ತಿಳಿಯಲಿಲ್ಲ.

* * *

ಕೆಲಸಕ್ಕೆ ಸೇರಿದ್ದ ಇನ್ನಿಬ್ಬರು ಮೊದಲ ವಾರವೇ ಬಿಟ್ಟರು. ಉಳಿದವರು ಶಂಕರ್ ಮತ್ತು ಹೇಮಶ್ರೀ. ಹೆಂಗಸರನ್ನು ಅವಳು ಕೇಳುತ್ತಿದ್ದಳು. ಗಂಡಸರನ್ನು ಜಗಲಿಯ ಮೇಲೆ ಕೂರಿಸಿಕೊಂಡು ಮಾತಾಡಿಸುವುದು ಅವನ ಕೆಲಸ.

ನಾಗಮಂಗಲದ ಕಡೆಯ ಒಂದು ಊರಿನಲ್ಲಿ ಕುಳ್ಳಯ್ಯ ಎಂಬ ಮುದುಕ ಬೀಜವನ್ನು ತಿರುಗಿಸಿ ತಿರುಗಿಸಿ ನೋಡಿದ.

“ಏನ್ಲಾ ಇದು, ಗೌರ್ಮೆಂಟು ಚೌಕಾಬಾರ ಆಡಕ್ಕೆ ಸಂಬ್ಳ ಕೊಟ್ಟು ಕಳ್ಸೈತಾ? ನಮ್ಮ ಕಾಲ್ದಲ್ಲಿ ಆಗಿದ್ರೆ ನಾನೇ ದೊಡ್ಡ ಆಫೀಸರ್ ಆಗ್ಬುಡ್ತಿದ್ದೆ ಕಣ್ಲಾ.”

“ಗೌರ್ಮೆಂಟು ಅಲ್ಲ ತಾತ. ಓದಕ್ಕೆ.”

“ಓದಕ್ಕಾ? ಬೀಜ ಎಸ್ದು ಪಾಸಾಯ್ತೀಯಾ? ಒಳ್ಳೇದಾಯ್ತು ಬುಡು.”

ಒಳಗೆ ನಡುಮನೆಯಲ್ಲಿ ಅವನ ಹೆಂಡತಿ ಸೆರಗಿನ ಮರೆಯಲ್ಲಿ ಬೀಜ ಎಸೆದಳು. ನೋಡಿದಳು. ಮತ್ತೆ ಎಸೆದಳು. ಮತ್ತೊಮ್ಮೆ. ಮೂರನೆಯ ಸಲ ಮುಖ ಸಡಿಲವಾಯಿತು.

“ಅವುದು ಅಂತ ಬರ್ಕೊ,” ಎಂದಳು.

ಬಿಳಿ ಬೀಳುವ ತನಕ ಎಸೆದಿದ್ದಳು. ಹೌದು ಎನ್ನಬೇಕೆಂದಿತ್ತು ಅವಳಿಗೆ, ಆದರೆ ಬೀಜದ ನೆರಳಿನಲ್ಲಿ ನಿಂತು. ಹೇಮಶ್ರೀ ಏನೂ ಕೇಳದೆ ಬರೆದುಕೊಂಡಳು.

ಹಾಳೆಯಲ್ಲಿ ಎರಡನೆಯ ಪ್ರಶ್ನೆಯೂ ಇತ್ತು. ಅದಕ್ಕೆ ಬೀಜ ಬೇಕಿರಲಿಲ್ಲ. ‘ಪಕ್ಕದ ಮನೆಯಲ್ಲಿ ಹೆಣ್ಣು ಕೂಗಿಕೊಂಡರೆ ನೀವು ಹೋಗಿ ಬಾಗಿಲು ತಟ್ಟುತ್ತೀರಾ?’

“ಇದನ್ನ ಯಾಕೆ ಕೇಳೋದು ಸರ್?” ಎಂದು ಅವಳು ಕೇಳಿದ್ದು ಹೊಸಹೊಳಲಿನಲ್ಲಿ. ಅಂದಿನ ಮನೆಗಳು ಮುಗಿದಿದ್ದವು. ಲಕ್ಷ್ಮೀನಾರಾಯಣ ದೇವಸ್ಥಾನದ ಜಗತಿಯ ಮೇಲೆ ಇಬ್ಬರೂ ಕಡಲೆಕಾಯಿ ಸುಲಿಯುತ್ತಾ ಕುಳಿತಿದ್ದರು.

“ಎರಡು ಊರಲ್ಲಿ ಬಡತನ ಒಂದೇ ಥರ ಇರುತ್ತೆ, ಹೆಂಡದಂಗಡಿನೂ ಇರುತ್ತೆ. ಒಂದೂರಲ್ಲಿ ಹಿಂಸೆ ಕಮ್ಮಿ, ಇನ್ನೊಂದೂರಲ್ಲಿ ಜಾಸ್ತಿ. ಯಾಕೆ? ಗಂಡಸರು ಬೇರೆ ಥರದವರಾ? ಅಲ್ಲ. ಪಕ್ಕದ ಮನೆ ಬೇರೆ ಥರದ್ದು. ಇದು ನನ್ನ ಊಹೆ. ಲೆಕ್ಕ ಏನು ಹೇಳುತ್ತೋ ನೋಡ್ಬೇಕು.”

ಅವನು ಕಡಲೆಕಾಯಿ ಸಿಪ್ಪೆಯನ್ನು ಅಂಗೈಯಲ್ಲಿ ಪುಡಿ ಮಾಡಿದ.

“ನಮ್ಮ ಮನೆ ಪಕ್ಕ ಒಬ್ಬಳು ಹೊಸ ಸೊಸೆ ಇದ್ದಳು. ಸಾಯಂಕಾಲ ಆದ್ರೆ ಅಳೋಳು. ಒಂದಿನ ಕಿರುಚಿಕೊಂಡಳು. ನಮ್ಮವ್ವ ಒಂದು ಬಟ್ಟಲು ತಗೊಂಡು ಎದ್ದಳು, ಹೆಪ್ಪಿಗೆ ಮೊಸರು ಕೇಳೋ ನೆವದಲ್ಲಿ ಹೋಗಿ ಬರೋಣ ಅಂತ. ನಮ್ಮಪ್ಪ, ‘ಬೇರೆ ಮನೆ ಇಚಾರ, ಕೂತ್ಕೊ’ ಅಂದ. ಅವ್ವ ಬಟ್ಟಲು ಹಿಡ್ಕೊಂಡು ಹೊಸ್ತಿಲಲ್ಲೇ ನಿಂತಳು. ಆಮೇಲೆ ಒಳಕ್ಕೆ ಬಂದಳು.”

“ಆ ಹುಡುಗಿ?”

“ಹೊಟ್ಟೆನೋವಿಂದ ಸತ್ತಳು ಅಂತ ಬರೆಸಿದ್ರು.”

ಹೇಮಶ್ರೀಯ ಕೈಯಲ್ಲಿದ್ದ ಕಾಯಿ ಕೆಳಗೆ ಬಿತ್ತು.

“ಮೊನ್ನೆ ಅನುಮತಿ ತಗೊಂಡು ನಾಗಮಂಗಲದ ಆಚೆಯ ಒಂದು ಠಾಣೇಲಿ ಹಳೇ ಕಡತ ನೋಡಿದೆ,” ಎಂದು ಅವನು ಮುಂದುವರಿಸಿದ. “ಐದಾರು ವರ್ಷದಲ್ಲಿ ಹೊಟ್ಟೆನೋವು ಅಂತ ಬರೆದ ಸಾವು ಹತ್ತೊಂಬತ್ತು. ಅದರಲ್ಲಿ ಹದಿನೇಳು ಹೆಂಗಸರು. ಹದಿನಾಲ್ಕು ಜನಕ್ಕೆ ಮದುವೆಯಾಗಿ ಏಳು ವರ್ಷ ಆಗಿರಲಿಲ್ಲ. ಹೊಟ್ಟೆನೋವು ಹೊಸ ಸೊಸೆಯರನ್ನೇ ಹುಡುಕ್ಕೊಂಡು ಬರುತ್ತಾ, ಹೇಮಶ್ರೀ ಅವರೇ?”

ಅವಳು ಬಿದ್ದ ಕಾಯಿ ಎತ್ತಿಕೊಳ್ಳಲು ಬಗ್ಗಿದಳು. ಕಣ್ಣು ತುಂಬಿದ್ದು ಅವನಿಗೆ ಕಂಡಿತು. ತನ್ನ ಅವ್ವನ ಕಥೆಗೆ ಅಳುತ್ತಿದ್ದಾಳೆ ಎಂದುಕೊಂಡ. ಏನು ಮಾಡಬೇಕೆಂದು ತೋಚದೆ, ಸುಲಿದಿದ್ದ ಕಾಳನ್ನೆಲ್ಲ ಅವಳ ಅಂಗೈಗೆ ಸುರಿದ.

ಅವನ ಬೆರಳು ತಾಗಿದಲ್ಲಿ ಅವಳ ಅಂಗೈ ಬೆಚ್ಚಗಾಯಿತು. ಅವಳಿಗೆ ಭಯವಾದದ್ದು ಅದಕ್ಕೇ. ‘ನನಗೆ ಇದೆಲ್ಲ ಬೇಡ. ನನ್ನ ಮದುವೆಗೆ ಅಂತಲೇ ಅಲ್ಲವೇ ಅಕ್ಕನನ್ನು ಎರಡನೆಯ ಸಲ ಹೂತಿದ್ದು...’

* * *

ಹತ್ತನೆಯ ಊರು ಬಿಳಿಕಲ್ಕೊಪ್ಪಲು, ಪಾಂಡವಪುರದ ಹತ್ತಿರ. ಅದು ಹೇಮಶ್ರೀಯದೇ ಊರು.

“ಸ್ವಂತ ಊರಿನ ಮನೆಗಳನ್ನ ಆ ಊರಿನವರೇ ಕೇಳಬಾರದು,” ಎಂದ ಶಂಕರ್.

“ಬೇರೆಯವರು ಕೇಳಿದ್ರೆ ನಮ್ಮೂರ ಹೆಂಗಸರು ಬಾಯಿ ಬಿಡಲ್ಲ ಸರ್. ನಾನೊಬ್ಬಳೇ ಹೋಗಿ ಮಾಡ್ತೀನಿ.”

ಅವಳ ದನಿಯಲ್ಲಿ ಏನೋ ಇತ್ತು. ಅವನು ಒಪ್ಪಿಬಿಟ್ಟ. ಅದು ಅವನ ತಪ್ಪು. ಚೀಟಿ ಎತ್ತಿದ ಪಟ್ಟಿಯ ಹದಿನೇಳನೇ ಮನೆ ನಂಜಪ್ಪನದು, ಅಂದರೆ ಅವಳ ಅಪ್ಪನದು ಎಂದು ಅವನಿಗೆ ಗೊತ್ತಿರಲಿಲ್ಲ.

ಹತ್ತೊಂಬತ್ತು ಮನೆಗಳನ್ನು ಅವಳು ನಿಷ್ಠೆಯಿಂದ ಕೇಳಿದಳು. ಪಕ್ಕದ ಮನೆಯ ಚಿಕ್ಕಬೋರಮ್ಮ ಸೊಂಟಕ್ಕೆ ಕೈಯಿಟ್ಟು ನಿಂತು, “ಬಾಗ್ಲು ತಟ್ಟಲ್ವಾ ಮತ್ತೆ? ನಾವೇನು ಕಲ್ಲಾ? ಅಂಗೇ ಬರ್ಕೊ, ಚಿಕ್ಕಬೋರಮ್ಮ ತಟ್ತಾಳೆ ಅಂತ,” ಎಂದು ನಕ್ಕಿದ್ದಳು.

ಹದಿನೇಳನೆಯ ಮನೆಯ ಹಾಳೆಯನ್ನು ಹೇಮಶ್ರೀ ಊರಾಚೆಯ ಹೊಂಗೆ ಮರದ ಕೆಳಗೆ ಕುಳಿತು ತುಂಬಿದಳು. ಬೀಜ ಎಸೆಯಲಿಲ್ಲ. ‘ಇಲ್ಲ’ ಎಂದು ಬರೆದಳು.

ಪ್ರತಿ ಊರಿನಲ್ಲೂ ಎರಡು ಮನೆಗಳಿಗೆ ಶಂಕರ್ ತಾನೇ ಮತ್ತೆ ಹೋಗಿ ಕೆಲಸ ಸರಿಯಾಗಿದೆಯೇ ಎಂದು ನೋಡುತ್ತಿದ್ದ. ಆ ಸಲ ಚೀಟಿಯಲ್ಲಿ ಹದಿನೇಳು ಬಂತು.

ಮನೆಯಲ್ಲಿ ಅಜ್ಜಿ ಒಬ್ಬಳೇ ಇದ್ದಳು. “ಬೀಜನೂ ಇಲ್ಲ, ಕೇಳಿದ್ದೂ ಇಲ್ಲ ಕಣಪ್ಪ. ಯಾರೂ ಬಂದಿಲ್ಲ,” ಎಂದಳು. ಶಂಕರ್ ಗೋಡೆ ನೋಡಿದ. ಹಾರ ಹಾಕಿದ ಫೋಟೋದಲ್ಲಿ ಒಬ್ಬಳು ಹೆಣ್ಣುಮಗಳು. ಪಕ್ಕದ ಇನ್ನೊಂದು ಫೋಟೋದಲ್ಲಿ ಅವಳ ಜೊತೆ ಎರಡು ಜಡೆಯ ಹೇಮಶ್ರೀ.

“ಇವರು ಯಾರಜ್ಜಿ?”

“ನಮ್ಮ ಪಾರ್ವತಿ. ಒಟ್ಟೆನೋವು ಬಂದು ಓಗ್ಬುಟ್ಲು,” ಎಂದು ಅಜ್ಜಿ ಮುಖ ತಿರುಗಿಸಿದಳು.

ಅಂದು ಕೋಣೆಗೆ ಹೋಗಿ ಅವನು ಠಾಣೆಯಿಂದ ತಂದಿದ್ದ ಜೆರಾಕ್ಸ್ ಕಾಗದಗಳನ್ನು ಹರಡಿದ. ಒಂದು ಹೇಳಿಕೆಯ ದುಂಡು ಅಕ್ಷರ ಅವನಿಗೆ ಗೊತ್ತಿದ್ದ ಅಕ್ಷರವೇ. ‘ಳ’ದ ಬಾಲವನ್ನು ಹಾಗೆ ಉದ್ದಕ್ಕೆ ಎಳೆಯುವವರು ಇನ್ನೊಬ್ಬರಿರಲಿಲ್ಲ.

* * *

ಅವನು ಬೈಯಲಿಲ್ಲ. ಉಳಿದ ಎರಡು ಊರೂ ಮುಗಿದ ಮೇಲೆ, ಒಂದು ಭಾನುವಾರ ಕರಿಘಟ್ಟಕ್ಕೆ ಬರುತ್ತೀರಾ ಎಂದು ಕೇಳಿದ. ಅವಳು ಬಂದಳು. ಇಬ್ಬರೂ ಮೆಟ್ಟಿಲು ಹತ್ತಿ, ಕೆಳಗೆ ಲೋಕಪಾವನಿ ಹೊಳೆ ಕಾವೇರಿಗೆ ಸೇರುವುದನ್ನು ನೋಡುತ್ತಾ ಕುಳಿತರು. ಮೋಡ ಕವಿದಿತ್ತು. ನೀರು ಸೀಸದ ಬಣ್ಣಕ್ಕೆ ತಿರುಗಿತ್ತು.

“ಹದಿನೇಳನೇ ಮನೆಗೆ ಹೋಗಿದ್ರಾ?” ಎಂದು ಮೆಲ್ಲಗೆ ಕೇಳಿದ.

“ಹೋಗಿದ್ದೆ.”

“ಆ ಹಾಳೆ ನಾನು ಲೆಕ್ಕಕ್ಕೆ ಸೇರಿಸಿಲ್ಲ. ನಿಮಗೆ ಯಾವಾಗ ಆಗುತ್ತೋ ಆಗ ಹೋಗಿ ಬನ್ನಿ. ಅವಸರ ಇಲ್ಲ.” ಅವನು ಎದ್ದ. “ನಿಮ್ಮ ಹತ್ರ ಇನ್ನೊಂದು ಮಾತು ಹೇಳ್ಬೇಕು. ನೀರು ತರ್ತೀನಿ, ತಡೀರಿ. ಬ್ಯಾಗಲ್ಲಿ ಬಾಳೆಹಣ್ಣು ಐತೆ, ತಗೊಳಿ.”

ಅವಳು ಬ್ಯಾಗು ತೆರೆದಳು. ಬಾಳೆಹಣ್ಣಿನ ಕೆಳಗೆ ಒಂದು ಕಾಗದವಿತ್ತು. ತನ್ನದೇ ಅಕ್ಷರ.

‘ನನ್ನ ಮಗಳು ಪಾರ್ವತಮ್ಮ, ಇಪ್ಪತ್ತೆರಡು ವರ್ಷ, ಹೊಟ್ಟೆನೋವು ತಾಳಲಾರದೆ ಬಾವಿಗೆ ಬಿದ್ದು ಮೃತಪಟ್ಟಿರುತ್ತಾಳೆ. ಈ ಬಗ್ಗೆ ಯಾರ ಮೇಲೂ ಅನುಮಾನವಿರುವುದಿಲ್ಲ.’ ಕೆಳಗೆ ನಂಜಪ್ಪನ ಹೆಬ್ಬೆಟ್ಟು.

ಅದನ್ನು ಬರೆದಾಗ ಹೇಮಶ್ರೀಗೆ ಹದಿನೇಳು ವರ್ಷ. ಯಾರೋ ಹೇಳುತ್ತಾ ಹೋದರು, ಅವಳು ಬರೆಯುತ್ತಾ ಹೋದಳು. ಅಕ್ಕ ಸಾಯುವ ತಿಂಗಳ ಮುಂಚೆ ತವರಿಗೆ ಬಂದು ಬೆನ್ನು ತೋರಿಸಿದ್ದಳು. ಸರಿಹೋಗುತ್ತೆ ಎಂದು ವಾಪಸ್ಸು ಕಳಿಸಿದ್ದರು. ಸತ್ತ ಮೇಲೆ ಹಿರಿಯರು ಹೇಳಿದ್ದರು: ‘ಇನ್ನೊಬ್ಳು ಅವ್ಳೆ ಮನೇಲಿ. ಟೇಸನ್ ಮೆಟ್ಲು ಅತ್ತಿದ ಮನೆ ಎಣ್ಣ ಯಾರು ತತ್ತಾರೆ?’

ಶಂಕರ್ ನೀರು ತಂದಾಗ ಅವಳು ನಿಂತಿದ್ದಳು. ಕಾಗದ ಕೈಯಲ್ಲಿತ್ತು.

“ಇದಕ್ಕೇನಾ ನನಗೆ ಕೆಲಸ ಕೊಟ್ಟಿದ್ದು?”

“ಹೇಮಶ್ರೀ, ಅದು ನಿಮ್ಮದು ಅಂತ ನನಗೆ ಗೊತ್ತಾಗಿದ್ದು ಮೂರು ವಾರದ ಹಿಂದೆ...”

“ಮೂರು ವಾರ ಜೇಬಲ್ಲಿಟ್ಕೊಂಡು ನನ್ನ ಜೊತೆ ಬಸ್ಸಲ್ಲಿ ಓಡಾಡಿದ್ರಿ. ಇವಳು ಯಾವಾಗ ಅಳ್ತಾಳೆ ಅಂತ ಕಾಯ್ತಿದ್ರಾ? ಹದಿನಾಲ್ಕರಲ್ಲಿ ನಮ್ಮಕ್ಕ ಎಷ್ಟನೆಯವಳು ಸರ್?”

ಅವನು ಹೇಳಬೇಕೆಂದಿದ್ದ ಮಾತು ಬೇರೆಯೇ ಇತ್ತು. ಅದನ್ನು ಈಗ ಹೇಳಿದರೆ ಕನಿಕರದಂತೆ ಕೇಳುತ್ತದೆ ಎಂದು ಸುಮ್ಮನಾದ. ಆ ಮೌನವನ್ನೇ ಅವಳು ಒಪ್ಪಿಗೆ ಎಂದುಕೊಂಡಳು.

ಬೀಜವನ್ನು ಅವನ ಬ್ಯಾಗಿನ ಮೇಲಿಟ್ಟು, ಒಬ್ಬಳೇ ಮೆಟ್ಟಿಲಿಳಿದು ಹೋದಳು.

* * *

ಕಾರ್ತಿಕ ಕಳೆಯಿತು. ಸಂಕ್ರಾಂತಿ ಕಳೆಯಿತು. ಹೇಮಶ್ರೀ ಡೈರಿಗೆ ಹಾಲು ಹಾಕಿ ಬರುತ್ತಿದ್ದಳು, ರಾಗಿ ಬೀಸಿಸಿಕೊಂಡು ಬರುತ್ತಿದ್ದಳು. ಅವ್ವ ಸೋಮಮ್ಮ ಎರಡು ಸಂಬಂಧದ ಮಾತೆತ್ತಿದಳು. ಹೇಮಶ್ರೀ ಎದ್ದು ಹೊರಗೆ ಹೋದಳು.

ಶಂಕರನ ಒಂದು ಕಾಗದ ಬಂದಿತ್ತು. ಎರಡೇ ಸಾಲು. ‘ಮಾಘ ಮುಗಿಯುವ ತನಕ ಕೋಣೆಯಲ್ಲಿರುತ್ತೇನೆ. ಹದಿನೇಳನೇ ಮನೆಯ ಜಾಗ ಖಾಲಿ ಬಿಟ್ಟಿದ್ದೇನೆ.’ ಅದರೊಳಗೆ ಹುಣಸೆ ಬೀಜವಿತ್ತು. ಅವಳು ಎರಡನ್ನೂ ಟ್ರಂಕಿನ ತಳಕ್ಕೆ ಹಾಕಿದಳು.

ಒಂದು ಮಧ್ಯಾಹ್ನ. ಊರೆಲ್ಲ ಉಂಡು ಒರಗಿದ್ದ ಹೊತ್ತು. ಪಕ್ಕದ ಚಿಕ್ಕಬೋರಮ್ಮನ ಮನೆಯಿಂದ ಏನೋ ಬಿದ್ದ ಸದ್ದು. ಆಮೇಲೆ ಸೊಸೆಯ ದನಿ. “ಬ್ಯಾಡ, ಬ್ಯಾಡ...”

ಜಗಲಿಯಲ್ಲಿ ಒರಗಿದ್ದ ಹೇಮಶ್ರೀ ಎದ್ದು ಕುಳಿತಳು. ಬೀದಿಯ ಅಷ್ಟೂ ಬಾಗಿಲು ಅವಳಿಗೆ ಕಾಣುತ್ತಿತ್ತು. ಇಪ್ಪತ್ತರಲ್ಲಿ ಹದಿನಾರು ಮನೆ ‘ತಟ್ಟುತ್ತೇವೆ’ ಎಂದು ಬರೆಸಿದ್ದವು. ತಾನೇ ಬರೆದುಕೊಂಡಿದ್ದಳು. ಒಂದು ಬಾಗಿಲೂ ಅಲುಗಲಿಲ್ಲ.

‘ಅಕ್ಕನ ಬೀದಿಯೂ ಹೀಗೇ ಇತ್ತು ಅಲ್ಲವೇ. ಬಿಸಿಲಿತ್ತು. ಬಾಗಿಲುಗಳಿದ್ದವು.’

ಅವಳು ಎದ್ದು ನಿಂತಳು. ಅಡಿಗೆಮನೆಗೆ ಹೋಗಿ ಒಂದು ಬಟ್ಟಲು ತೆಗೆದುಕೊಂಡಳು. ಹೊಸ್ತಿಲು ದಾಟುವಾಗ ಒಂದು ಗಳಿಗೆ ನಿಂತಳು. ಎಂದೂ ನೋಡದ ಒಬ್ಬ ಹೆಂಗಸು, ಶಂಕರನ ಅವ್ವ, ಅದೇ ಜಾಗದಲ್ಲಿ ನಿಂತಂತೆ ಅನ್ನಿಸಿತು.

ದಾಟಿದಳು. ಹೋಗಿ ಬಾಗಿಲು ತಟ್ಟಿದಳು.

ಚಿಕ್ಕಬೋರಮ್ಮ ಬಾಗಿಲನ್ನು ಒಂದು ಗೇಣು ತೆರೆದಳು. “ಏನವ್ವಾ ಈಟೊತ್ತಲ್ಲಿ?”

“ಹೆಪ್ಪಿಗೆ ಒಂಚೂರು ಮೊಸ್ರು ಬೇಕಾಗಿತ್ತು ಚಿಕ್ಕವ್ವ.”

“ಈಗಿಲ್ಲ, ಓಗು.”

“ಕಾಯ್ತೀನಿ.”

“ಯೋಳ್ಲಿಲ್ವಾ ಇಲ್ಲ ಅಂತ.”

ಹಿಂದೆ ಕೋಲು ಊರುವ ಸದ್ದಾಯಿತು. ಅಜ್ಜಿ ದೊಡ್ಡತಾಯಮ್ಮ. ಅವಳ ಕೈಯಲ್ಲೂ ಒಂದು ಬಟ್ಟಲು. “ನಂಗೂ ಒಂಚೂರು ಆಕು ಬೋರಿ,” ಎಂದು ಜಗಲಿಯ ಮೇಲೆ ಕುಳಿತುಬಿಟ್ಟಳು. ಎದುರು ಮನೆಯ ಬಾಗಿಲು ಕಿರುಗುಟ್ಟಿತು. ಅಲ್ಲಿಂದ ಒಬ್ಬಳು ಬಟ್ಟಲು ಹಿಡಿದು ಬಂದಳು. ಆಚೆ ಮನೆಯಿಂದ ಇನ್ನಿಬ್ಬರು. ಸೋಮಮ್ಮನೂ ಬಂದಳು. ಯಾರೂ ಏನೂ ಕೇಳಲಿಲ್ಲ. ಆರು ಹೆಂಗಸರು, ಆರು ಬಟ್ಟಲು.

ಒಳಗೆ ಸದ್ದು ನಿಂತಿತು. ಚಿಕ್ಕಬೋರಮ್ಮನ ಮಗ ತಲೆ ತಗ್ಗಿಸಿ ಹಿತ್ತಲ ಕಡೆಗೆ ಹೋದ. ಹರಿದ ರವಿಕೆಯ ಸೊಸೆ ಬಾಗಿಲಿಗೆ ಬಂದಳು. ಹೇಮಶ್ರೀ ಅವಳ ಕೈ ಹಿಡಿದು, “ಬಾ, ನಮ್ಮನೇಲಿ ಕೂತ್ಕೊ,” ಎಂದಳು.

* * *

ಅವತ್ತು ಸಂಜೆ ಆ ಹುಡುಗಿ ನಡುಮನೆಯಲ್ಲಿ ಮಲಗಿದ್ದಾಗ ಹೇಮಶ್ರೀ ಟ್ರಂಕಿನಿಂದ ಬೀಜ ತೆಗೆದಳು. ಒಂದು ಖಾಲಿ ಹಾಳೆಯೂ ಉಳಿದಿತ್ತು. ಅಪ್ಪ ನಂಜಪ್ಪ ಗದ್ದೆಯಿಂದ ಬಂದು ಕೈಕಾಲು ತೊಳೆದು ಕುಳಿತಿದ್ದ.

“ಅಪ್ಪ, ಒಂದು ಮನೆ ಬಾಕಿ ಐತೆ,” ಎಂದು ಬೀಜವನ್ನು ಅವನ ಮುಂದೆ ಇಟ್ಟಳು. ಎಸೆಯುವ ರೀತಿ ಹೇಳಿಕೊಟ್ಟು ಪ್ರಶ್ನೆ ಓದಿದಳು. ಓದುವಾಗ ದನಿ ಎರಡು ಸಲ ಒಡೆಯಿತು.

ಸೋಮಮ್ಮ ಗೋಡೆಗೆ ಒರಗಿದಳು.

ನಂಜಪ್ಪ ಟವಲಿನ ಮರೆಯಲ್ಲಿ ಬೀಜ ಎಸೆದ. ಬಹಳ ಹೊತ್ತು ನೋಡಿದ.

“ಬಿಳಿ ಬಿದ್ದೈತೆ ಕಣವ್ವ. ಬಿಳಿ ಬಿದ್ರೆ ಸುಮ್ನೆ ಅವುದು ಅನ್ಬೇಕು, ಅಲ್ವಾ?”

“ಹೂಂ ಅಪ್ಪ. ತೋರಿಸ್ಬಾರ್ದು.”

“ತೋರಿಸ್ತೀನಿ. ನೋಡು, ಬಿಳಿ.” ಅವನು ಬೀಜವನ್ನು ನೆಲಕ್ಕೆ ಇಟ್ಟು ದೂರ ತಳ್ಳಿದ. “ಬೀಜ ಏಳ್ಸಿದ್ದು ಅಂತ ಬರ್ಕಬ್ಯಾಡ. ನಾನೇ ಏಳ್ತಾ ಇವ್ನಿ. ಅವುದು. ನನ್ ಮಗ್ಳು ಬೆನ್ನು ತೋರಿಸಿದ್ಲು. ನಾನೇ ಬಸ್ಸು ಅತ್ತಿಸಿ ಕಳುಸ್ಬುಟ್ಟೆ.”

ಅವನ ಭುಜಗಳು ಕುಸಿದವು. ಐದು ವರ್ಷದಲ್ಲಿ ಆ ಮನೆಯಲ್ಲಿ ಮೊದಲ ಸಲ ಪಾರ್ವತಿಗಾಗಿ ಗಟ್ಟಿಯಾಗಿ ಅತ್ತರು.

ಬಹಳ ಹೊತ್ತಾದ ಮೇಲೆ ಹೇಮಶ್ರೀ ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟಳು. “ಅಜ್ಜಿ, ಮಡಕೆ ಖಾಲಿ ಆದ್ಮೇಲೆ ರಾಜ ಏನು ಮಾಡಿದ?”

“ನಂಗೂ ಗೊತ್ತಿಲ್ಲ ಮಗ. ನಮ್ಮವ್ವನೂ ಅಲ್ಲಿಗೇ ನಿಲ್ಸ್‌ಬುಡೋಳು.” ಅಜ್ಜಿ ಅವಳ ಕೂದಲು ಸವರಿದಳು. “ಯಾರಾನ ಒಬ್ರು ಮೊದ್ಲು ಕಲ್ಲು ಆಕ್ಬೇಕಿತ್ತೇನೋ. ಆಕ್ದೋರು ಇರ್ಲಿಲ್ಲ, ಕತೆ ಮುಂದಕ್ಕೆ ಓಗ್ಲಿಲ್ಲ.”

* * *

ಮಾಘದ ಕೊನೆಯ ವಾರ. ಶಂಕರ್ ಹಾಳೆಗಳನ್ನು ಕಟ್ಟಿ ಪೆಟ್ಟಿಗೆಗೆ ತುಂಬುತ್ತಿದ್ದ. ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ಕೇಳಿ ತಿರುಗಿದ. ಬಾಗಿಲಲ್ಲಿ ಹೇಮಶ್ರೀ. ಕೈಯಲ್ಲಿದ್ದ ಕಟ್ಟು ಜಾರಿ ಹಾಳೆಗಳು ನೆಲದ ಮೇಲೆ ಹರಡಿದವು.

ಇಬ್ಬರೂ ಕೆಳಗೆ ಕುಳಿತು ಅವನ್ನು ಆರಿಸತೊಡಗಿದರು.

“ಒಂದು ಮನೆ ಬಿಟ್ರೆ ಲೆಕ್ಕ ಕೆಡುತ್ತಾ ಸರ್?” ಎಂದಳು, ತಲೆ ಎತ್ತದೆ.

“ಇಲ್ಲ.”

“ಮತ್ತೆ ಯಾಕೆ ಕಾದಿದ್ದು?”

“ಒಂದೂ ಬಿಡಲ್ಲ ಅಂತ ನೀವು ಹೇಳಿದ್ರಿ.”

ಅವಳು ಹದಿನೇಳನೇ ಮನೆಯ ಹಾಳೆಯನ್ನು ಮೇಜಿನ ಮೇಲಿಟ್ಟಳು. ಅದರ ಮೇಲೆ ಇನ್ನೊಂದು ಕಾಗದವಿತ್ತು. ಅದೇ ದುಂಡು ಅಕ್ಷರದ ಹೊಸ ಹೇಳಿಕೆ. ಈ ಸಲ ಹೊಟ್ಟೆನೋವು ಇರಲಿಲ್ಲ. ಕೆಳಗೆ ನಂಜಪ್ಪನ ಹೆಬ್ಬೆಟ್ಟು. ಪಕ್ಕದಲ್ಲಿ, ಮೊದಲ ಸಲ, ಬರೆದವಳ ಹೆಸರು.

ಶಂಕರ್ ಎರಡು ಸಲ ಓದಿದ. “ಐದು ವರ್ಷ ಆಗಿದೆ. ಕೇಸು ನಿಲ್ಲದೇನೂ ಇರಬಹುದು.”

“ಗೊತ್ತು. ನಾಳೆ ಅಪ್ಪನೂ ನಾನೂ ಆ ಠಾಣೆಗೆ ಹೋಗ್ತಾ ಇದೀವಿ. ನೀವೂ ಬನ್ನಿ.”

ಅವನು ಗೋಡೆಯ ಮೇಲಿನ ಪಟ್ಟಿ ತೋರಿಸಿದ. “ಮುಚ್ಚಿಟ್ಟವರು ಐದು ಮನೆಗೆ ಎರಡು. ದೂರು ಕೊಟ್ಟವರು, ಅಷ್ಟೂ ಊರು ಸೇರಿ, ಮೂರು ಜನ. ಬಾಗಿಲು ತಟ್ಟುತ್ತೀವಿ ಅಂದವರ ಊರಿಗೂ ಅನ್ನದವರ ಊರಿಗೂ ಹಿಂಸೆಯಲ್ಲಿ ನಾನು ಅಂದುಕೊಂಡಷ್ಟು ವ್ಯತ್ಯಾಸ ಬರಲಿಲ್ಲ ಹೇಮಶ್ರೀ. ನನ್ನ ಊಹೆ ಸುಳ್ಳಾಯ್ತು.”

“ನಿಮ್ಮ ಪ್ರಶ್ನೆ ಸರಿ ಇರಲಿಲ್ಲ,” ಎಂದಳು ಅವಳು. “ತಟ್ಟುತ್ತೀರಾ ಅಂತ ಕೇಳ್ಬಾರ್ದು. ಕೊನೇ ಸಲ ಯಾವಾಗ ತಟ್ಟಿದ್ರಿ ಅಂತ ಕೇಳ್ಬೇಕು.”

ಬಟ್ಟಲುಗಳ ಕಥೆ ಹೇಳಿದಳು. ಅವನು ಕೇಳುತ್ತಾ ಕೇಳುತ್ತಾ ಕಿಟಕಿಯ ಕಡೆ ತಿರುಗಿ ನಿಂತ.

“ಕರಿಘಟ್ಟದಲ್ಲಿ ಒಂದು ಮಾತು ಹೇಳ್ಬೇಕು ಅಂದಿದ್ದೆ,” ಎಂದ. “ಈಗ ಕೇಳ್ಲಾ? ಹಾಳೆಯಲ್ಲಿ ಇಲ್ಲದ ಪ್ರಶ್ನೆ.”

ಅವಳು ಬೀಜ ತೆಗೆದು ಅಂಗೈಯಲ್ಲಿಟ್ಟುಕೊಂಡಳು. “ಕೇಳಿ.”

“ನಮ್ಮವ್ವ ಇವತ್ತಿಗೂ ಆ ಹೊಸ್ತಿಲು ದಾಟುವಾಗ ಒಂದು ಗಳಿಗೆ ನಿಂತೇ ದಾಟ್ತಾಳೆ. ಆ ಮನೆಗೆ ನೀನು ಬರ್ತೀಯಾ?”

ಅವಳು ದುಪಟ್ಟಾದ ಮರೆಯಲ್ಲಿ ಬೀಜ ಎಸೆದಳು. ಅಂಗೈ ಮುಚ್ಚಿದಳು.

“ಹೂಂ,” ಎಂದಳು.

“ಬೀಜ ಹೇಳಿಸಿದ್ದಾ?”

“ಕೇಳ್ಬಾರ್ದು ಅಂತ ನೀವೇ ಹೇಳಿಕೊಟ್ಟಿದ್ದು.”

ಅವನು ಮತ್ತೆ ಕೇಳಲಿಲ್ಲ. ಕಾದ. ಅವಳು ಮೆಲ್ಲಗೆ ಅಂಗೈ ತೆರೆದಳು.

ಕಪ್ಪು.

ಅವನು ಆ ಕೈಯನ್ನು ಬೀಜದ ಸಮೇತ ಹಿಡಿದುಕೊಂಡ. ಇಬ್ಬರ ಕಣ್ಣೂ ತುಂಬಿದ್ದವು. ಕೆಳಗೆ ನಾಗಮಂಗಲದ ಬಸ್ಸು ಹೊರಡುತ್ತಿತ್ತು. ನಾಳೆ ಮೂವರೂ ಅದರಲ್ಲೇ ಹೋಗಬೇಕಿತ್ತು.

“ಮೊದ್ಲು ಹದಿನೇಳನೇ ಮನೆ ಬರ್ಕೊಳಿ,” ಎಂದಳು.

“ಕೈ ಬಿಡು ಮತ್ತೆ.”

“ಬಿಡಲ್ಲ.”

ಅವನು ಎಡಗೈಯಲ್ಲಿ ಪೆನ್ಸಿಲ್ ಎತ್ತಿಕೊಂಡ. ಪಟ್ಟಿಯ ಖಾಲಿ ಜಾಗದಲ್ಲಿ ಸೊಟ್ಟಸೊಟ್ಟಗೆ ಒಂದು ಗೆರೆ ಎಳೆದು, ಕೆಳಗೆ ಬರೆದ: ಇನ್ನೂರ ನಲವತ್ತು.